ಪಥಸಂಚಲನಕ್ಕೆ ಬಂದ ಅಜ್ಜ ವಾಹನಗಳು

ಮಕ್ಕಳೇ, ಜನವರಿ 26ರಂದು ದೆಹಲಿಯಲ್ಲಿ ನಡೆಯುವ ಗಣರಾಜ್ಯೋತ್ಸವದ ಪಥಸಂಚಲನವನ್ನು ನೀವು ದೂರದರ್ಶನದಲ್ಲಿ ನೋಡಿರಬಹುದು. ಸೈನಿಕರ ತುಕಡಿಗಳು, ಬ್ಯಾಂಡು, ರಾಜ್ಯಗಳ ಸ್ತಬ್ಧಚಿತ್ರಗಳು, ಟ್ಯಾಂಕುಗಳು, ಕೊನೆಗೆ ಆಕಾಶದಲ್ಲಿ ವಿಮಾನಗಳು. ಎಲ್ಲವೂ ಹೊಚ್ಚ ಹೊಸದಾಗಿ ಮಿರುಗುತ್ತಿರುತ್ತವೆ.

ಆದರೆ 2022ರ ಪಥಸಂಚಲನದಲ್ಲಿ ಒಂದು ವಿಶೇಷವಿತ್ತು. 1971ರ ಯುದ್ಧದಲ್ಲಿ ಭಾರತ ಗೆದ್ದು 50 ವರ್ಷ ತುಂಬಿದ್ದರಿಂದ ಹೊಸ ವಾಹನಗಳ ಜೊತೆಗೆ ಹಳೆಯ ವಾಹನಗಳನ್ನೂ ನಡೆಸಿದರು. ಪಿಟಿ-76 ಮತ್ತು ಸೆಂಚುರಿಯನ್ ಎಂಬ ಹಳೆಯ ಟ್ಯಾಂಕುಗಳ ಜೊತೆ ನಮ್ಮ ದೇಶದ ಅರ್ಜುನ್ ಟ್ಯಾಂಕುಗಳು ಬಂದವು. ಟೋಪಾಸ್ ಮತ್ತು ಬಿಎಂಪಿ-1 ಎಂಬ ಹಳೆಯ ಕವಚ ವಾಹನಗಳ ಜೊತೆ ಇಂದಿಗೂ ಸೇವೆಯಲ್ಲಿರುವ ಬಿಎಂಪಿ-2 ವಾಹನಗಳು ಬಂದವು. ನಡೆದು ಬಂದ ಸೈನಿಕರಲ್ಲೂ ಕೆಲವು ತುಕಡಿಗಳು 1950, 1960 ಮತ್ತು 1970ರ ದಶಕಗಳ ಸಮವಸ್ತ್ರ ತೊಟ್ಟು, ಆಗಿನ ಬಂದೂಕುಗಳನ್ನೇ ಹಿಡಿದಿದ್ದವು.

ಅಜ್ಜನ ಕಾಲದ ಆ ವಾಹನಗಳೂ ಬಣ್ಣ ಬಳಿದುಕೊಂಡು, ಸದ್ದು ಮಾಡುತ್ತಾ, ಸಾಲು ತಪ್ಪದೆ ಸಾಗಿದವು. ನೋಡಿದವರಿಗೆ ಒಂದು ಪ್ರಶ್ನೆ ಬರಬಹುದು. "ಇಷ್ಟು ಚೆನ್ನಾಗಿ ಓಡುತ್ತವಲ್ಲ, ಇವು ಈಗಲೂ ಯುದ್ಧಕ್ಕೆ ಹೋಗಬಲ್ಲವೇ?"

ಪಥಸಂಚಲನ ನೋಡಿ ಈ ಪ್ರಶ್ನೆಗೆ ಉತ್ತರ ಹೇಳಲಾಗದು. ಏಕೆ ಎಂದು ತಿಳಿಯಬೇಕಾದರೆ ಯಂತ್ರಗಳಿಗೆ ಮುಪ್ಪು ಹೇಗೆ ಬರುತ್ತದೆ ಎಂಬುದನ್ನು ತಿಳಿಯಬೇಕು.

ಕವಚ ವಾಹನ ಎಂದರೇನು?

ಯುದ್ಧಭೂಮಿಯಲ್ಲಿ ಸೈನಿಕರು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಬೇಕು. ಲಾರಿಯಲ್ಲಿ ಹೋದರೆ ಗುಂಡು, ಸಿಡಿದ ಬಾಂಬಿನ ಚೂರು ತಗಲಬಹುದು. ಆದ್ದರಿಂದ ಸುತ್ತಲೂ ಲೋಹದ ಗೋಡೆಯಿರುವ ವಾಹನದಲ್ಲಿ ಅವರನ್ನು ಒಯ್ಯುತ್ತಾರೆ. ಇದೇ ಕವಚ ವಾಹನ. ಆಮೆ ತನ್ನ ಚಿಪ್ಪಿನೊಳಗೆ ಇರುವಂತೆ ಸೈನಿಕರು ಇದರೊಳಗೆ ಇರುತ್ತಾರೆ.

ಟೋಪಾಸ್ ವಾಹನದ ಮುಖ್ಯ ಕೆಲಸ ಸೈನಿಕರನ್ನು ಒಯ್ಯುವುದು. ಅದು 1960ರ ದಶಕದ್ದು. ಚೆಕೊಸ್ಲೊವಾಕಿಯಾ ಎಂಬ ದೇಶದಲ್ಲಿ ತಯಾರಾದದ್ದು. ಬಿಎಂಪಿ-1 ಸೋವಿಯತ್ ಒಕ್ಕೂಟದ್ದು. ಇದು ಸೈನಿಕರನ್ನು ಒಯ್ಯುವುದರ ಜೊತೆಗೆ ತನ್ನ ತೋಪಿನಿಂದ ಹೋರಾಡಲೂ ಬಲ್ಲದು. 1967ರ ನವೆಂಬರ್ 7ರಂದು ಮಾಸ್ಕೋ ನಗರದ ಕೆಂಪು ಚೌಕದಲ್ಲಿ ನಡೆದ ಪಥಸಂಚಲನದಲ್ಲಿ ಜಗತ್ತು ಇದನ್ನು ಮೊದಲ ಬಾರಿಗೆ ನೋಡಿತು. ಅಂದು ಬೇರೆ ದೇಶಗಳ ಸೇನೆಗಳು ಬೆರಗಾಗಿ ನೋಡಿದ ಹೊಸ ವಾಹನ, 54 ವರ್ಷಗಳ ನಂತರ ದೆಹಲಿಯಲ್ಲಿ ನೆನಪಿನ ವಾಹನವಾಗಿ ಬಂದಿತು!

ಬಿಎಂಪಿ-2 ಇದರ ತಮ್ಮನಿದ್ದಂತೆ. ಇದರಲ್ಲಿ 3 ಜನ ಚಾಲಕ ತಂಡದವರು ಮತ್ತು 7 ಸೈನಿಕರು ಕೂರಬಹುದು. ತೂಕ ಸುಮಾರು 14 ಟನ್. ಭಾರತದಲ್ಲಿ ಇದಕ್ಕೆ 'ಸರಥ್' ಎಂದು ಹೆಸರು. ಇಂದಿನ ತೆಲಂಗಾಣದಲ್ಲಿರುವ ಮೇದಕ್ ಆರ್ಡ್ನೆನ್ಸ್ ಕಾರ್ಖಾನೆಯಲ್ಲಿ 1987ರಿಂದ ಇದನ್ನು ತಯಾರಿಸತೊಡಗಿದರು.

ಈ ವಾಹನಗಳಿಗೆ ಲಾರಿಯಂತೆ ಟೈರುಗಳಿಲ್ಲ. ಕೆರೆ ಹೂಳೆತ್ತುವ, ಬಾವಿ ತೋಡುವ ಹಿಟಾಚಿ ಯಂತ್ರಕ್ಕೆ ಇರುವಂತೆ ಉಕ್ಕಿನ ಚೈನ್ ಪಟ್ಟಿಗಳಿವೆ. ಇದರಿಂದೇನು ಲಾಭ? ಒಂದು ಲೆಕ್ಕ ಮಾಡೋಣ. ಎರಡೂ ಪಟ್ಟಿಗಳು ನೆಲಕ್ಕೆ ತಾಗುವ ಜಾಗ ಸುಮಾರು 20,000 ಚದರ ಸೆಂ.ಮೀ. ವಾಹನದ ತೂಕ 14,000 ಕಿ.ಗ್ರಾಂ.

14,000 ÷ 20,000 = 0.7

ಅಂದರೆ ಒಂದು ಚದರ ಸೆಂ.ಮೀ. ನೆಲದ ಮೇಲೆ ಬೀಳುವ ಭಾರ ಕೇವಲ 0.7 ಕಿ.ಗ್ರಾಂ. ಕಾರಿನ ಟೈರಿನ ಕೆಳಗೆ ಇದು ಸುಮಾರು 2 ಕಿ.ಗ್ರಾಂ ಇರುತ್ತದೆ. 14 ಟನ್ ತೂಕದ ವಾಹನ ಕಾರಿಗಿಂತ ಹಗುರವಾಗಿ ನೆಲವನ್ನು ಒತ್ತುತ್ತದೆ! ಭಾರವು ದೊಡ್ಡ ಜಾಗದ ಮೇಲೆ ಹರಡಿದಾಗ ಒತ್ತಡ ಕಡಿಮೆಯಾಗುತ್ತದೆ. ಕೆಸರು ಗದ್ದೆಯಲ್ಲಿ ಕಾರು ಹೂತುಹೋದರೂ ಈ ವಾಹನ ಸಾಗುವುದು ಇದರಿಂದಲೇ.

ಕೂಡಿ ನಡೆಯುವ ಸಂಪ್ರದಾಯ

ಸೈನಿಕರು ಒಂದೇ ಹೆಜ್ಜೆಯಲ್ಲಿ ನಡೆಯುವುದು ಚೆಂದಕ್ಕಾಗಿ ಎಂದು ನಾವು ತಿಳಿದಿರುತ್ತೇವೆ. ಆದರೆ ಇದು ಹುಟ್ಟಿದ್ದು ಅಗತ್ಯದಿಂದ. ಸುಮಾರು 300 ವರ್ಷಗಳ ಹಿಂದಿನ ಬಂದೂಕುಗಳಿಗೆ ಒಂದು ಗುಂಡು ಹಾರಿಸಿದ ಮೇಲೆ ಮತ್ತೆ ಮದ್ದು ತುಂಬಬೇಕಾಗಿತ್ತು. ಗುರಿಯೂ ಸರಿಯಾಗಿ ಸಿಗುತ್ತಿರಲಿಲ್ಲ. ಆದ್ದರಿಂದ ಸೈನಿಕರು ಹೆಗಲಿಗೆ ಹೆಗಲು ತಾಗುವಂತೆ ಸಾಲಾಗಿ ನಿಂತು, ಆಜ್ಞೆ ಕೊಟ್ಟೊಡನೆ ಎಲ್ಲರೂ ಒಟ್ಟಿಗೆ ಗುಂಡು ಹಾರಿಸುತ್ತಿದ್ದರು. ಸಾಲು ಮುರಿಯದೆ ಮುಂದೆ ಸಾಗಲು ಒಂದೇ ಹೆಜ್ಜೆ ಬೇಕಾಯಿತು. ಅದಕ್ಕಾಗಿ ದಿನವೂ ಕವಾಯತು ನಡೆಯುತ್ತಿತ್ತು.

ಮುಂದೆ ಮೆಷಿನ್ ಗನ್‌ಗಳು ಬಂದವು. ಸಾಲಾಗಿ ನಿಂತವರು ಸುಲಭವಾಗಿ ಗುಂಡಿಗೆ ಸಿಗುತ್ತಿದ್ದರು. ಆಗ ಸಾಲು ಕಟ್ಟುವುದು ಯುದ್ಧಭೂಮಿಯಿಂದ ಮರೆಯಾಯಿತು. ಆದರೆ ಆಜ್ಞೆ ಕೇಳಿ ಒಟ್ಟಾಗಿ ನಡೆಯುವ ಶಿಸ್ತು ಕವಾಯತಿನ ಮೈದಾನದಲ್ಲಿ ಉಳಿದುಕೊಂಡಿತು. ನಿಮ್ಮ ಶಾಲೆಯ ಕವಾಯತಿಗೂ ಇದೇ ಮೂಲ.

ಸ್ವತಂತ್ರ ಭಾರತದ ಮೊದಲ ಗಣರಾಜ್ಯೋತ್ಸವದ ಪಥಸಂಚಲನ 1950ರಲ್ಲಿ ನಡೆದದ್ದು ದೆಹಲಿಯ ಇರ್ವಿನ್ ಕ್ರೀಡಾಂಗಣದಲ್ಲಿ. ಅದು ಇಂದಿನ ಮೇಜರ್ ಧ್ಯಾನ್ ಚಂದ್ ಕ್ರೀಡಾಂಗಣ. 1955ರಿಂದ ಅದು ರಾಜಪಥದಲ್ಲಿ ನಡೆಯುತ್ತಾ ಬಂದಿದೆ. ಆ ರಸ್ತೆಗೆ 2022ರ ಸೆಪ್ಟೆಂಬರ್‌ನಲ್ಲಿ 'ಕರ್ತವ್ಯ ಪಥ' ಎಂದು ಹೆಸರಿಟ್ಟರು.

ಜನವರಿ 15 ಸೇನಾ ದಿನ. 1949ರ ಅದೇ ದಿನ ನಮ್ಮ ಕೊಡಗಿನ ಕೆ.ಎಂ. ಕಾರ್ಯಪ್ಪನವರು ಭಾರತೀಯ ಸೇನೆಯ ಮುಖ್ಯಸ್ಥರಾದರು. ಆ ಹುದ್ದೆಗೇರಿದ ಮೊದಲ ಭಾರತೀಯರು ಅವರು. ದೆಹಲಿಯಲ್ಲೇ ನಡೆಯುತ್ತಿದ್ದ ಸೇನಾ ದಿನದ ಪಥಸಂಚಲನ 2023ರಲ್ಲಿ ಮೊದಲ ಬಾರಿಗೆ ದೆಹಲಿಯ ಹೊರಗೆ, ನಮ್ಮ ಬೆಂಗಳೂರಿನಲ್ಲಿ ನಡೆಯಿತು.

ಕಣ್ಣಿಗೆ ಕಾಣದ ಮುಪ್ಪು

ಈಗ ಯಂತ್ರಗಳ ಮುಪ್ಪಿಗೆ ಬರೋಣ. ಮನುಷ್ಯರಿಗೆ ವಯಸ್ಸಾದರೆ ಕೂದಲು ನೆರೆಯುತ್ತದೆ, ಚರ್ಮ ಸುಕ್ಕಾಗುತ್ತದೆ. ನೋಡಿದೊಡನೆ ತಿಳಿಯುತ್ತದೆ. ವಾಹನಕ್ಕೆ ಬಣ್ಣ ಬಳಿದರೆ ಮುಪ್ಪು ಮುಚ್ಚಿಹೋಗುತ್ತದೆ. ಆದರೆ ಒಳಗೆ ಅದು ಹಾಗೆಯೇ ಇರುತ್ತದೆ.

ಮೊದಲನೆಯದು ತುಕ್ಕು. ಕಬ್ಬಿಣ ಗಾಳಿಯಲ್ಲಿರುವ ಆಕ್ಸಿಜನ್ ಮತ್ತು ನೀರಿನೊಡನೆ ಸೇರಿ ತುಕ್ಕಾಗುತ್ತದೆ ಎಂದು ನೀವು ಪಾಠದಲ್ಲಿ ಓದಿದ್ದೀರಿ. ಬಣ್ಣವು ಗಾಳಿ, ನೀರು ತಾಗದಂತೆ ತಡೆಯುತ್ತದೆ. ಆದರೆ ಬಣ್ಣ ತಲುಪದ ಸಂದಿಗಳು, ಬೋಲ್ಟಿನ ತಳ, ಎರಡು ತಗಡು ಕೂಡುವ ಜಾಗ ಇವೆಯಲ್ಲ, ಅಲ್ಲಿ ನೀರು ನಿಲ್ಲುತ್ತದೆ. ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ.

ಎರಡನೆಯದು ಸವೆತ. ನಿಮ್ಮ ಸೈಕಲ್ ಚೈನು ಕೆಲವು ವರ್ಷಗಳಲ್ಲಿ ಸಡಿಲವಾಗಿ ಬಿದ್ದುಹೋಗುವುದನ್ನು ನೋಡಿದ್ದೀರಲ್ಲವೇ? ಚೈನಿನ ಪ್ರತಿಯೊಂದು ಪಿನ್ನೂ ಕೂದಲೆಳೆಯಷ್ಟು ಸವೆಯುತ್ತದೆ. ನೂರು ಪಿನ್ನುಗಳ ಸವೆತ ಒಟ್ಟು ಸೇರಿ ಚೈನು ಉದ್ದವಾಗುತ್ತದೆ. ಕವಚ ವಾಹನದ ಪಟ್ಟಿಯೂ ಹೀಗೆಯೇ. ಸವೆದ ಪಟ್ಟಿ ವೇಗವಾಗಿ ತಿರುಗುವಾಗ ಕಳಚಿ ಬೀಳಬಹುದು.

ಮೂರನೆಯದು ಲೋಹದ ದಣಿವು. ಒಂದು ತಂತಿಯನ್ನು ಒಮ್ಮೆ ಬಾಗಿಸಿದರೆ ಮುರಿಯುವುದಿಲ್ಲ. ಅದನ್ನೇ ಹಿಂದೆ ಮುಂದೆ ಹತ್ತಾರು ಸಲ ಬಾಗಿಸಿದರೆ ಪಟ್ಟನೆ ಮುರಿಯುತ್ತದೆ. ಪ್ರತಿ ಸಲ ಬಾಗಿಸಿದಾಗಲೂ ಲೋಹದೊಳಗೆ ಕಣ್ಣಿಗೆ ಕಾಣದ ಸಣ್ಣ ಬಿರುಕುಗಳು ಬೆಳೆಯುತ್ತಾ ಹೋಗುತ್ತವೆ. ವಾಹನ ಹಳ್ಳ ದಿಣ್ಣೆಗಳಲ್ಲಿ ಓಡುವಾಗ ಅದರ ಚಕ್ರಗಳನ್ನು ಹಿಡಿದಿರುವ ಉಕ್ಕಿನ ಸರಳುಗಳು ಸಾವಿರಾರು ಸಲ ತಿರುಚಿಕೊಂಡು ಮತ್ತೆ ನೆಟ್ಟಗಾಗುತ್ತವೆ. ಅವುಗಳೂ ಒಂದು ದಿನ ದಣಿಯುತ್ತವೆ.

ನಾಲ್ಕನೆಯದು ರಬ್ಬರಿನ ಮುಪ್ಪು. ಬಾಗಿಲುಗಳ ಅಂಚಿನಲ್ಲಿ, ಕೊಳವೆಗಳಲ್ಲಿ, ಯಂತ್ರದ ಕೀಲುಗಳಲ್ಲಿ ರಬ್ಬರ್ ಇರುತ್ತದೆ. ರಬ್ಬರಿನ ಅಣುಗಳು ಉದ್ದನೆಯ ದಾರದಂತೆ ಇರುತ್ತವೆ. ಬಿಸಿಲು, ಆಕ್ಸಿಜನ್ ಮತ್ತು ಓಜೋನ್ ಅನಿಲ ಈ ದಾರಗಳನ್ನು ಕೆಡಿಸುತ್ತವೆ. ಆಗ ರಬ್ಬರ್ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಹಳೆಯ ಸೈಕಲ್ ಟೈರಿನ ಪಕ್ಕದಲ್ಲಿ ಈ ಬಿರುಕುಗಳನ್ನು ನೀವೇ ನೋಡಬಹುದು.

ನಿಂತರೂ ಮುಪ್ಪು ತಪ್ಪದು

"ಓಡಿಸದೆ ಶೆಡ್ಡಿನಲ್ಲಿ ನಿಲ್ಲಿಸಿದರೆ ವಾಹನ ಹೊಸದಾಗಿಯೇ ಇರುತ್ತದೆಯಲ್ಲ?" ಎಂದು ನೀವು ಕೇಳಬಹುದು. ಇಲ್ಲ. ನಿಮ್ಮ ಊರಿನ ತೇರನ್ನು ನೆನಪಿಸಿಕೊಳ್ಳಿ. ಅದು ವರ್ಷವೆಲ್ಲ ನಿಂತಿದ್ದು ಜಾತ್ರೆಯ ದಿನ ಮಾತ್ರ ಚಲಿಸುತ್ತದೆ. ಆದರೂ ಜಾತ್ರೆಗೆ ಮೊದಲು ಬಡಗಿಗಳು ಬಂದು ಗಾಲಿ, ಅಚ್ಚು, ಕೀಲುಗಳನ್ನು ನೋಡುತ್ತಾರೆ. ನಿಂತಲ್ಲೇ ಮರ ಬಿರಿದಿರಬಹುದು, ಗೆದ್ದಲು ಹಿಡಿದಿರಬಹುದು. ಸಾವಿರಾರು ಜನ ಸುತ್ತ ಸೇರಿರುವಾಗ ಅಚ್ಚು ಮುರಿದರೆ ಗತಿಯೇನು?

ನಿಂತ ಕವಚ ವಾಹನದಲ್ಲೂ ಹೀಗೆಯೇ. ಬ್ಯಾಟರಿಯ ವಿದ್ಯುತ್ತು ತಾನಾಗಿ ಕುಂದುತ್ತದೆ. ಯಂತ್ರದ ಭಾಗಗಳಿಗೆ ಅಂಟಿದ ಎಣ್ಣೆ ಕೆಳಗಿಳಿದು ಲೋಹಕ್ಕೆ ತೇವ ತಾಗುತ್ತದೆ. ಒಂದೇ ಕಡೆ ಒತ್ತಿಕೊಂಡಿದ್ದ ರಬ್ಬರ್ ಆ ಆಕಾರದಲ್ಲೇ ಉಳಿದು, ಹಿಗ್ಗಿ ಸಂದಿಯನ್ನು ಮುಚ್ಚುವ ಗುಣ ಕಳೆದುಕೊಳ್ಳುತ್ತದೆ.

ಇನ್ನೊಂದು ತೊಂದರೆ ಬಿಡಿಭಾಗಗಳದು. ಟೋಪಾಸ್ ತಯಾರಿಸಿದ ಚೆಕೊಸ್ಲೊವಾಕಿಯಾ 1993ರ ಜನವರಿ 1ರಂದು ಎರಡು ದೇಶಗಳಾಯಿತು. ಸೋವಿಯತ್ ಒಕ್ಕೂಟ 1991ರಲ್ಲೇ ಒಡೆದು ಹೋಗಿತ್ತು. ವಾಹನಗಳಿಗಿಂತ ಮೊದಲು ಅವುಗಳನ್ನು ಮಾಡಿದ ದೇಶಗಳೇ ಇಲ್ಲವಾದವು! ಇಂಥ ವಾಹನದ ಒಂದು ಸಣ್ಣ ಭಾಗ ಹಾಳಾದರೂ ಹುಡುಕಾಡಬೇಕು, ಇಲ್ಲವೇ ಹೊಸದಾಗಿ ಮಾಡಿಸಬೇಕು.

ಸಾವಿರ ಬಿಂದಿಗೆ ನೀರು

ಮುಪ್ಪಿನಿಂದ ಏನು ಅಪಾಯ? ಇದನ್ನು ತಿಳಿಯಲು ಈ ವಾಹನಗಳ ಇನ್ನೊಂದು ಗುಣ ತಿಳಿಯಬೇಕು. ಟೋಪಾಸ್, ಬಿಎಂಪಿ-1, ಬಿಎಂಪಿ-2 ಈ ಮೂರೂ ನೀರಿನಲ್ಲಿ ತೇಲಬಲ್ಲವು! 14 ಟನ್ ತೂಕದ ಉಕ್ಕು ತೇಲುವುದು ಹೇಗೆ?

ಆರ್ಕಿಮಿಡೀಸ್ ತತ್ವ ನೆನಪಿಸಿಕೊಳ್ಳಿ. ತೇಲುವ ವಸ್ತು ತನ್ನ ತೂಕದಷ್ಟೇ ತೂಕದ ನೀರನ್ನು ಪಕ್ಕಕ್ಕೆ ಸರಿಸುತ್ತದೆ. 14 ಟನ್ ವಾಹನ ತೇಲಬೇಕಾದರೆ 14,000 ಲೀಟರ್ ನೀರನ್ನು ಸರಿಸಬೇಕು. ಒಂದು ಬಿಂದಿಗೆ 14 ಲೀಟರ್ ಹಿಡಿಯುತ್ತದೆ ಎಂದುಕೊಂಡರೆ, ಸರಿಯಾಗಿ ಸಾವಿರ ಬಿಂದಿಗೆ ನೀರು. ವಾಹನದ ಒಳಗೆ ಟೊಳ್ಳು ಜಾಗ ಹೆಚ್ಚಾಗಿರುವುದರಿಂದ ಇದು ಸಾಧ್ಯ. ಖಾಲಿ ಬಿಂದಿಗೆ ಕೆರೆಯಲ್ಲಿ ತೇಲುವುದೂ ಹೀಗೆಯೇ.

ಬಿಂದಿಗೆಯಲ್ಲಿ ತೂತಿದ್ದರೆ? ನೀರು ಒಳಗೆ ಬಂದಂತೆಲ್ಲ ತೂಕ ಹೆಚ್ಚುತ್ತದೆ, ಕೊನೆಗೆ ಮುಳುಗುತ್ತದೆ. ವಾಹನದ ಬಾಗಿಲು, ಕಿಂಡಿಗಳ ಅಂಚಿನ ರಬ್ಬರ್ ಬಿರುಕು ಬಿಟ್ಟಿದ್ದರೆ ಅದೂ ತೂತಿದ್ದಂತೆಯೇ.

ಇದು ನಿಜವಾಗಿ ನಡೆದಿದೆ. 2020ರ ಜುಲೈ 30ರಂದು ಅಮೆರಿಕದ ಕ್ಯಾಲಿಫೋರ್ನಿಯಾ ತೀರದ ಬಳಿ ಸೈನಿಕರು ಸಮುದ್ರದಲ್ಲಿ ಅಭ್ಯಾಸ ನಡೆಸುತ್ತಿದ್ದರು. ತೇಲುವ ಕವಚ ವಾಹನವೊಂದು ತನ್ನ ಹಡಗಿನತ್ತ ಮರಳುತ್ತಿತ್ತು. ಒಳಗೆ 16 ಜನರಿದ್ದರು. ವಾಹನದೊಳಗೆ ನೀರು ನುಗ್ಗಿತು, ಅದು ಮುಳುಗಿತು. 9 ಜನ ಪ್ರಾಣ ಕಳೆದುಕೊಂಡರು. ಆ ಬಗೆಯ ವಾಹನ ಸೇವೆಗೆ ಬಂದದ್ದು 1972ರಲ್ಲಿ. ತನಿಖೆ ಮಾಡಿದಾಗ, ವಾಹನ ಸುಸ್ಥಿತಿಯಲ್ಲಿರಲಿಲ್ಲ, ಹಲವು ಕಡೆ ನೀರು ಸೋರುತ್ತಿತ್ತು ಎಂದು ತಿಳಿಯಿತು. ಸೈನಿಕರಿಗೆ ಪಾರಾಗುವ ತರಬೇತಿಯೂ ಪೂರ್ತಿಯಾಗಿರಲಿಲ್ಲ. ಹೊರಗೆ ಬನ್ನಿ ಎಂಬ ಆಜ್ಞೆಯೂ ತಡವಾಗಿತ್ತು. ಮರುವರ್ಷ ಅಲ್ಲಿನ ಸೇನೆ ಸಾಮಾನ್ಯ ಅಭ್ಯಾಸಗಳಲ್ಲಿ ಆ ವಾಹನಗಳನ್ನು ನೀರಿಗಿಳಿಸುವುದನ್ನು ನಿಲ್ಲಿಸಿತು.

ಗಮನಿಸಿ. ಅದೇ ವಾಹನ ಒಣ ರಸ್ತೆಯ ಮೇಲೆ ಪಥಸಂಚಲನದಲ್ಲಿ ಸಾಗಿದ್ದರೆ ಅದರ ದೋಷ ಯಾರಿಗೂ ಕಾಣುತ್ತಿರಲಿಲ್ಲ. ಸಮತಟ್ಟಾದ ರಸ್ತೆಯಲ್ಲಿ, ನಿಧಾನವಾಗಿ, ಸ್ವಲ್ಪ ದೂರ ಓಡುವುದು ಒಂದು ಪರೀಕ್ಷೆ. ನೀರು, ಕೆಸರು, ಗುಂಡಿನ ನಡುವೆ ಓಡುವುದು ಬೇರೆಯೇ ಪರೀಕ್ಷೆ.

ಕಾಲವೂ ಮುಂದೆ ಹೋಗುತ್ತದೆ

ವಾಹನವನ್ನು ಚೆನ್ನಾಗಿ ನೋಡಿಕೊಂಡು ತುಕ್ಕು, ಬಿರುಕು ಇಲ್ಲದಂತೆ ಇಟ್ಟರೂ ಇನ್ನೊಂದು ಬಗೆಯ ಮುಪ್ಪು ಬರುತ್ತದೆ. ಬಿಎಂಪಿ-1ರ ಮೈಯ ಉಕ್ಕು 2 ಸೆಂ.ಮೀ.ಗಿಂತ ತೆಳು. ಬಂದೂಕಿನ ಗುಂಡು, ಬಾಂಬಿನ ಚೂರುಗಳನ್ನು ಅದು ತಡೆಯಬಲ್ಲದು. ಇನ್ನೂ ದಪ್ಪ ಮಾಡಬಹುದಿತ್ತಲ್ಲ? ಮಾಡಿದರೆ ತೂಕ ಹೆಚ್ಚಿ ಅದು ತೇಲುವುದಿಲ್ಲ. ಅರ್ಜುನ್ ಟ್ಯಾಂಕಿಗೆ ದಪ್ಪ ಕವಚವಿದೆ. ಅದರ ತೂಕ 58 ಟನ್‌ಗಿಂತ ಹೆಚ್ಚು. ಅದು ಬಿಎಂಪಿಯಂತೆ ತೇಲಲಾರದು. ಒಂದನ್ನು ಪಡೆಯಬೇಕಾದರೆ ಇನ್ನೊಂದನ್ನು ಬಿಡಬೇಕು.

ಇಂದು ಕವಚವನ್ನು ತೂರಿ ಹೋಗುವ ಕ್ಷಿಪಣಿಗಳಿವೆ. ಆಕಾಶದಿಂದ ನೋಡಿ ದಾಳಿ ಮಾಡುವ ಡ್ರೋನ್‌ಗಳಿವೆ. 1967ರಲ್ಲಿ ಸಾಕಾಗಿದ್ದ ಕವಚ ಈಗ ಸಾಲದು. ವಾಹನ ಇದ್ದಂತೆಯೇ ಇದ್ದರೂ ಜಗತ್ತು ಬದಲಾಗಿರುತ್ತದೆ.

ಹಾಗಾದರೆ ಹಳೆಯ ವಾಹನಗಳನ್ನು ಏನು ಮಾಡುತ್ತಾರೆ? ಗಟ್ಟಿಯಾಗಿರುವ ವಾಹನಕ್ಕೆ ಹೊಸ ಯಂತ್ರ, ರಾತ್ರಿಯಲ್ಲೂ ಕಾಣುವ ಉಪಕರಣ, ಹೊಸ ಆಯುಧ ಜೋಡಿಸಿ ಬಳಸುತ್ತಾರೆ. ಬಿಎಂಪಿ-2 ವಾಹನಗಳನ್ನು ಹೀಗೆ ಸುಧಾರಿಸುತ್ತಿದ್ದಾರೆ. ದುರಸ್ತಿಗೆ ಮೀರಿದ್ದನ್ನು ಸೇವೆಯಿಂದ ಬಿಡಿಸಿ ಗುಜರಿಗೆ ಹಾಕುತ್ತಾರೆ. ಕೆಲವನ್ನು ವಸ್ತುಸಂಗ್ರಹಾಲಯದಲ್ಲಿ ಇಡುತ್ತಾರೆ. ಮಹಾರಾಷ್ಟ್ರದ ಅಹಮದ್‌ನಗರದಲ್ಲಿ, ಅಂದರೆ ಇಂದಿನ ಅಹಿಲ್ಯಾನಗರದಲ್ಲಿ, 1994ರಲ್ಲಿ ಆರಂಭವಾದ ಟ್ಯಾಂಕುಗಳ ವಸ್ತುಸಂಗ್ರಹಾಲಯವೇ ಇದೆ. ಇನ್ನು ಕೆಲವು, 2022ರಲ್ಲಿ ಆದಂತೆ, ಹಿಂದಿನವರನ್ನು ನೆನೆಯಲು ಪಥಸಂಚಲನಕ್ಕೆ ಬರುತ್ತವೆ. ಅಜ್ಜನನ್ನು ಹಬ್ಬದ ದಿನ ಗೌರವದಿಂದ ಮುಂದೆ ಕೂರಿಸುತ್ತೇವೆ. ಹಾಗೆಂದು ಅವರ ಹೆಗಲಿಗೆ ನೊಗ ಕಟ್ಟುವುದಿಲ್ಲ ಅಲ್ಲವೇ?

'ಪರೇಡ್' ಎಂದರೆ ಸಿದ್ಧತೆ

'ಪರೇಡ್' ಪದದ ಮೂಲ ಲ್ಯಾಟಿನ್ ಭಾಷೆಯ 'ಪರಾರೆ'. ಅದರ ಅರ್ಥ 'ಸಿದ್ಧಪಡಿಸು'. ಸೇನೆಯಲ್ಲಿ ಪರೇಡ್ ಎಂದರೆ ಮೆರವಣಿಗೆ ಮಾತ್ರವಲ್ಲ. ವಾಹನಗಳನ್ನು ಸಾಲಾಗಿ ನಿಲ್ಲಿಸಿ ಎಣ್ಣೆ, ನೀರು, ಬ್ಯಾಟರಿ, ಬೋಲ್ಟುಗಳನ್ನು ತಪಾಸಣೆ ಮಾಡುವುದಕ್ಕೂ 'ಮೆಂಟೆನೆನ್ಸ್ ಪರೇಡ್' ಎನ್ನುತ್ತಾರೆ. ಅದಕ್ಕೆ ಬ್ಯಾಂಡು ಇಲ್ಲ, ಚಪ್ಪಾಳೆ ಇಲ್ಲ, ನೋಡಲು ಜನರೂ ಇಲ್ಲ. ಆದರೆ ಒಳಗೆ ಕೂರುವ ಸೈನಿಕರ ಪ್ರಾಣ ಉಳಿಸುವುದು ಈ ಪರೇಡ್.

ನಿಮ್ಮ ಮನೆಯಲ್ಲೂ ಇಂಥ ಪರೇಡ್ ಮಾಡಬಹುದು. ಸೈಕಲ್‌ನ ಬ್ರೇಕ್ ರಬ್ಬರ್ ಸವೆದಿದೆಯೇ ನೋಡಿ. ಬಾವಿಯ ರಾಟೆಯ ಹಗ್ಗ ಎಲ್ಲಿ ಎಳೆ ಬಿಟ್ಟಿದೆ ನೋಡಿ. ಅಡುಗೆ ಅನಿಲದ ಒಲೆಗೆ ಜೋಡಿಸಿರುವ ರಬ್ಬರ್ ಕೊಳವೆಯನ್ನು ದೊಡ್ಡವರ ಜೊತೆ ನಿಂತು ಪರೀಕ್ಷಿಸಿ. ಅದರ ಮೇಲೆ ಮುದ್ರಿಸಿರುವ ಅವಧಿ ಮುಗಿದಿದ್ದರೆ, ಕೊಳವೆ ಎಷ್ಟೇ ಹೊಸದಾಗಿ ಕಂಡರೂ ಬದಲಿಸಲು ಹೇಳಿ. ಹೊರಗಿನ ಹೊಳಪು ಒಳಗಿನ ಗಟ್ಟಿತನವನ್ನು ಹೇಳುವುದಿಲ್ಲ. ಬಿಚ್ಚಿ, ಮುಟ್ಟಿ, ಅಳೆದು ನೋಡಿದಾಗ ಮಾತ್ರ ಅದು ತಿಳಿಯುತ್ತದೆ.

ಮಾಡಿ ನೋಡಿ - 1

ಬೇಕಾಗುವ ವಸ್ತುಗಳು: ಒಂದೇ ಅಳತೆಯ ಎರಡು ಪ್ಲಾಸ್ಟಿಕ್ ಲೋಟ, ಸಣ್ಣ ಕಲ್ಲುಗಳು, ಬಕೆಟ್ ನೀರು, ಮೊಳೆ.

ವಿಧಾನ: ಶಿಕ್ಷಕರ ಸಹಾಯದಿಂದ ಒಂದು ಲೋಟದ ತಳದಲ್ಲಿ ಮೊಳೆಯಿಂದ ಸಣ್ಣ ತೂತು ಮಾಡಿ. ಎರಡೂ ಲೋಟಗಳಲ್ಲಿ ಒಂದೇ ತೂಕದ ಕಲ್ಲುಗಳನ್ನು ಹಾಕಿ, ನೆಟ್ಟಗೆ ತೇಲುವಂತೆ ನೀರಿನಲ್ಲಿ ಬಿಡಿ. ತೂತಿರುವ ಲೋಟ ಮುಳುಗಲು ಎಷ್ಟು ಸಮಯ ಬೇಕಾಯಿತು ಎಂದು ಗಡಿಯಾರ ನೋಡಿ ಬರೆದುಕೊಳ್ಳಿ.

ಏನು ಕಂಡಿತು? ಲೋಟ ಮೊದಲು ನಿಧಾನವಾಗಿ ಇಳಿಯುತ್ತದೆ. ಅದರ ಬಾಯಿಯ ಅಂಚು ನೀರಿಗೆ ತಾಗಿದೊಡನೆ ಒಮ್ಮೆಲೇ ಮುಳುಗುತ್ತದೆ. ಸಣ್ಣ ಸೋರಿಕೆಯನ್ನು ಮೊದಲೇ ಗುರುತಿಸಬೇಕು ಎನ್ನುವುದು ಇದಕ್ಕೇ.

ಮಾಡಿ ನೋಡಿ - 2

ತೆಳು ಕಬ್ಬಿಣದ ತಂತಿಯ ಮೂರು ತುಂಡುಗಳನ್ನು ತೆಗೆದುಕೊಳ್ಳಿ. ಒಂದೊಂದನ್ನೂ ಒಂದೇ ಜಾಗದಲ್ಲಿ ಹಿಂದೆ ಮುಂದೆ ಬಾಗಿಸುತ್ತಾ ಎಣಿಸಿ. ಎಷ್ಟನೆಯ ಸಲಕ್ಕೆ ಮುರಿಯಿತು? ಮೂರೂ ಒಂದೇ ಎಣಿಕೆಗೆ ಮುರಿದವೇ? ಮುರಿಯುವ ಮೊದಲು ಹೊರಗೆ ಏನಾದರೂ ಸೂಚನೆ ಕಂಡಿತೇ? ಗೆಳೆಯರ ಎಣಿಕೆಯೊಡನೆ ಹೋಲಿಸಿ.

ಯೋಚಿಸಿ, ಉತ್ತರಿಸಿ

1. ಸೈನಿಕರು ನಿಮಿಷಕ್ಕೆ 120 ಹೆಜ್ಜೆ ನಡೆಯುತ್ತಾರೆ. ಒಂದು ಹೆಜ್ಜೆ 75 ಸೆಂ.ಮೀ. ಆದರೆ 900 ಮೀಟರ್ ದೂರ ನಡೆಯಲು ಎಷ್ಟು ನಿಮಿಷ ಬೇಕು?

2. ನಿಮ್ಮ ಒಂದು ಪಾದವನ್ನು ಚೌಕುಳಿ ಹಾಳೆಯ ಮೇಲಿಟ್ಟು ಸುತ್ತ ಗೆರೆ ಎಳೆಯಿರಿ. ಎಷ್ಟು ಚದರ ಸೆಂ.ಮೀ. ಆಯಿತು? ಒಂಟಿ ಕಾಲಿನಲ್ಲಿ ನಿಂತಾಗ ಒಂದು ಚದರ ಸೆಂ.ಮೀ. ಮೇಲೆ ಎಷ್ಟು ಭಾರ ಬೀಳುತ್ತದೆ? ಅದನ್ನು ಬಿಎಂಪಿ-2ರ ಭಾರದೊಡನೆ ಹೋಲಿಸಿ.

3. ತೇಲುವ ಕವಚ ವಾಹನದ ಗೋಡೆಯನ್ನು ಬಹಳ ದಪ್ಪ ಮಾಡಲಾಗದು. ಏಕೆ?

4. ಬಳಸದೆ ನಿಲ್ಲಿಸಿದ ವಾಹನಕ್ಕೂ ಮುಪ್ಪು ಬರುತ್ತದೆ. ಮೂರು ಉದಾಹರಣೆ ಕೊಡಿ.

5. ನಿಮ್ಮ ಶಾಲೆಯಲ್ಲಿ ಅಪರೂಪಕ್ಕೆ ಮಾತ್ರ ಬಳಸುವ, ಆದರೆ ಬೇಕಾದಾಗ ಕೈಕೊಡಬಾರದ ವಸ್ತುಗಳು ಯಾವುವು? ಪಟ್ಟಿ ಮಾಡಿ. ಅವುಗಳನ್ನು ಯಾರು, ಯಾವಾಗ ತಪಾಸಣೆ ಮಾಡುತ್ತಾರೆ ಎಂದು ನಿಮ್ಮ ಶಿಕ್ಷಕರನ್ನು ಕೇಳಿ ತಿಳಿಯಿರಿ.